ಸಮುದ್ರ ತೀರ, ಬಂಡೆಯ ಹತ್ತಿರ, ಭಾನುವಾರ

ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗಳಿಗೆ ಅಂಟಿಸಿ ಕಪಾಟುಗಳಲ್ಲಿ ಕಾಪಾಡುವ ಆ ಸಸ್ಯ ಸಂಗ್ರಹಾಲಯದಲ್ಲಿ ಎರಡು ಲಕ್ಷ ಹಾಳೆಗಳಿದ್ದವು. ಅಷ್ಟಕ್ಕೂ ಒಡತಿ ಒಬ್ಬಳೇ. ಅವಳ ಬೆನ್ನ ಹಿಂದೆ ಎಲ್ಲರೂ ಅವಳನ್ನು ಲೇಬಲ್ ಮೇಡಂ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು.

ಹೆಸರು ಸುಮ್ಮನೆ ಬಂದದ್ದಲ್ಲ. ಗಿಡ ಎಷ್ಟೇ ಅಪರೂಪದ್ದಿರಲಿ, ಎಲ್ಲಿ ಕಿತ್ತದ್ದು, ಯಾವತ್ತು, ಎಂಥ ಮಣ್ಣು, ಹೂವಿನ ಬಣ್ಣ ಆಗ ಏನಿತ್ತು, ಕಿತ್ತವರು ಯಾರು, ಇಷ್ಟೂ ಹಾಳೆಯ ಬಲಗಡೆಯ ಲೇಬಲ್ಲಿನಲ್ಲಿ ಇಲ್ಲದಿದ್ದರೆ ಅವಳು ಆ ಹಾಳೆಯನ್ನು ಒಳಗೆ ಬಿಡುತ್ತಿರಲಿಲ್ಲ. ದೊಡ್ಡ ದೊಡ್ಡ ಪ್ರೊಫೆಸರುಗಳು ತಂದ ಕಟ್ಟುಗಳನ್ನೇ ವಾಪಸ್ಸು ಕಳಿಸಿದ್ದಳು. "ಊರಿಲ್ಲ, ದಿನ ಇಲ್ಲ. ಇದು ಗಿಡಾನೋ ಗಾಳಿಸುದ್ದೀನೋ?" ಎಂಬುದು ಅವಳ ಖಾಯಂ ಮಾತು. ಹೊಸದಾಗಿ ಬಂದ ಸಂಶೋಧಕರು ಮೊದಲ ವಾರದಲ್ಲೇ ಈ ಮಾತನ್ನು ಒಮ್ಮೆಯಾದರೂ ಕೇಳಿಸಿಕೊಂಡು, ಮುಖ ಹುಳ್ಳಗೆ ಮಾಡಿಕೊಂಡು ಹೋಗಿ ಮತ್ತೆ ಬರೆದುಕೊಂಡು ಬರುತ್ತಿದ್ದರು.

ಆ ವರ್ಷ ಬಂದವಳು ಕಡಲ ಲ್ಯಾವೆಂಡರ್ ಮೇಲೆ ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ. ಕಡಲ ಲ್ಯಾವೆಂಡರ್ ಎಂದರೆ ಸೋಪಿನ ಡಬ್ಬಿಯ ಮೇಲಿರುವ ಲ್ಯಾವೆಂಡರಿಗೆ ದೂರದ ನಂಟೂ ಇಲ್ಲದ ಗಿಡ. ಉಪ್ಪು ನೀರು ಚಿಮ್ಮುವ ಜಾಗದಲ್ಲಿ, ಬೇರೆ ಯಾವ ಗಿಡವೂ ಬೇಡವೆಂದು ಬಿಟ್ಟ ಬಿರುಕಿನಲ್ಲಿ, ನೆಲಕ್ಕಂಟಿದ ಎಲೆಗಳನ್ನು ಸುತ್ತಲೂ ಹರಡಿಕೊಂಡು ಕೂತಿರುತ್ತದೆ. ಬೇಸಿಗೆಯಲ್ಲಿ ತೆಳ್ಳಗಿನ ಕಡ್ಡಿ ಎತ್ತಿ ನೇರಳೆ ಹೂ ಬಿಡುತ್ತದೆ. ಕುಡಿದ ಉಪ್ಪನ್ನೆಲ್ಲ ಎಲೆಯ ಮೇಲೆ ಬೆವರಿನಂತೆ ಹೊರಹಾಕುತ್ತದೆ. ಹುಡುಗಿ ಸಂಗ್ರಹಾಲಯದಲ್ಲಿದ್ದ ಅದರ ನಲವತ್ತೊಂದು ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಮೂರು ವಾರದಿಂದ ಸೂಕ್ಷ್ಮದರ್ಶಕಕ್ಕೆ ಕಣ್ಣಂಟಿಸಿ ಕೂತಿದ್ದಳು.

ಒಂದು ಬೆಳಿಗ್ಗೆ ಅವಳು ಒಂದು ಹಾಳೆ ಹಿಡಿದು ಬಂದಳು. ಬಂದವಳು ಮೇಡಂ ಮೇಜಿನ ಮುಂದೆ ನಿಂತಳು.

"ಏನಮ್ಮಾ? ಹಾಳೆ ಹರಿದುಹೋಯ್ತಾ?"

"ಇಲ್ಲ ಮೇಡಂ. ಉಳಿದ ನಲವತ್ತರಲ್ಲಿ ಒಂದೊಂದು ಗೊಂಚಲಲ್ಲಿ ಮೂರು ನಾಲ್ಕು ಹೂವಿದೆ. ಇದರಲ್ಲಿ ಒಂದೊಂದೇ. ಎಲ್ಲಾ ಕಡೆ ಒಂದೇ. ಹೂವಿನ ಬುಡದ ಪುಷ್ಪಪಾತ್ರೆ ಮೇಲಿನ ರೋಮ ಕೂಡ ಒಂದೇ ಮಗ್ಗುಲಲ್ಲಿ ಇದೆ. ಪುಸ್ತಕದಲ್ಲೆಲ್ಲ ಹುಡುಕಿದೆ. ಇಂಥದ್ದು ಎಲ್ಲೂ ಇಲ್ಲ."

ಲೇಬಲ್ ಮೇಡಂ ಕನ್ನಡಕ ಏರಿಸಿಕೊಂಡಳು. ಮೂವತ್ತು ವರ್ಷದ ಕೆಲಸದಲ್ಲಿ ಹೀಗೆ "ಎಲ್ಲೂ ಇಲ್ಲ" ಎಂದು ಬಂದವರು ಹತ್ತಾರು ಮಂದಿ. ಎಲ್ಲೋ ಇದ್ದೇ ಇರುತ್ತಿತ್ತು. ಭೂತಗನ್ನಡಿ ಹಿಡಿದು ಬಗ್ಗಿದಳು. ಹತ್ತು ನಿಮಿಷ ಬಗ್ಗಿಯೇ ಇದ್ದಳು. ಹುಡುಗಿ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

"ಎಲ್ಲಿಂದ ಬಂದದ್ದು ಇದು?"

"ಅದೇ ಮೇಡಂ ತೊಂದರೆ. ಲೇಬಲ್ ಸ್ವಲ್ಪ..."

ಲೇಬಲ್ಲಿನಲ್ಲಿ ಇದ್ದದ್ದು ಇಷ್ಟೇ: ಸಮುದ್ರ ತೀರ. ಬಂಡೆಯ ಹತ್ತಿರ. ಭಾನುವಾರ.

ಮೇಡಂಗೆ ಮೈ ಉರಿದುಹೋಯಿತು. "ಭಾನುವಾರವಂತೆ! ಯಾವ ಭಾನುವಾರ? ಪ್ರಪಂಚ ಹುಟ್ಟಿದಾಗಿಂದ ಎಷ್ಟು ಭಾನುವಾರ ಆಗಿದೆ! ಬಂಡೆ ಹತ್ತಿರ ಅಂತೆ. ಸಮುದ್ರ ಅಂದಮೇಲೆ ಬಂಡೆ ಇಲ್ದೆ ಕಪಾಟು ಇರುತ್ತಾ? ಇದನ್ನ ಬರೆದ ಪುಣ್ಯಾತ್ಮ ಯಾರು? ಇಂಥವರನ್ನ ಯಾರು ಒಳಗೆ ಬಿಟ್ಟಿದ್ದು?"

ಹುಡುಗಿ ನೆಲ ನೋಡಿದಳು. "ಮೇಡಂ, ಕೆಳಗೆ ಸಹಿ ಇದೆ."

ಮೂಲೆಯಲ್ಲಿ ಹಾಳೆಗಳಿಗೆ ಗಿಡ ಅಂಟಿಸುತ್ತ ಕೂತಿದ್ದ ಮುದುಕ, ಎಲ್ಲರ ಬಾಯಲ್ಲಿ ಅಂಟಣ್ಣ, ಬ್ರಷ್ಷನ್ನು ಕೆಳಗಿಟ್ಟ. ಇಂಥದ್ದನ್ನು ನೋಡಲು ಎರಡು ಕೈಯೂ ಖಾಲಿ ಇರಬೇಕು ಎಂದು ಅವನಿಗೆ ಅನ್ನಿಸಿರಬೇಕು.

ಸಹಿ ಅವಳದೇ. ಈಗಿನ ಹಾಗೆ ಗಟ್ಟಿ, ನೆಟ್ಟಗಿನ ಸಹಿಯಲ್ಲ. ಕೊನೆಯ ಅಕ್ಷರಕ್ಕೆ ಬಳ್ಳಿಯಂಥ ಒಂದು ಬಾಲ ಬೇರೆ ಇತ್ತು. ಇಪ್ಪತ್ತೆಂಟು ವರ್ಷದ ಹಿಂದೆ ಅವಳು ಹಾಗೆ ಸಹಿ ಮಾಡುತ್ತಿದ್ದಳು.

ಅಂಟಣ್ಣ ಮೆಲ್ಲಗೆ ಕೇಳಿದ: "ವಾಪಸ್ಸು ಕಳಿಸೋಣ್ವಾ ಮೇಡಂ?"

ಸಂಜೆ ಮನೆಗೆ ಬಂದವಳು ಬ್ಯಾಗನ್ನೂ ಇಳಿಸದೆ ಕುರ್ಚಿಯ ಮೇಲೆ ಕೂತುಬಿಟ್ಟಳು. ಗಂಡ ಅಡುಗೆಮನೆಯಲ್ಲಿ ಬೀನ್ಸ್ ನಾರು ತೆಗೆಯುತ್ತಿದ್ದ. ಮೂವತ್ತನಾಲ್ಕು ವರ್ಷ ಅಂಚೆಯವನಾಗಿ ಮನೆಮನೆಗೆ ಕಾಗದ ಹಂಚಿ ಎರಡು ವರ್ಷದ ಹಿಂದೆ ನಿವೃತ್ತನಾದವನು. ಈಗ ಹಂಚಲು ಕಾಗದಗಳಿಲ್ಲದ ಕಾರಣ ಹೆಂಡತಿಗೆ ಕೀಟಲೆ ಹಂಚುತ್ತಿದ್ದ.

"ಯಾಕೆ, ಇವತ್ತು ಬೈಯೋಕೆ ಯಾರೂ ಸಿಗಲಿಲ್ವಾ?"

"ಸಿಕ್ಕಿದ್ರು."

"ಯಾರು?"

"ನಾನೇ," ಎಂದು ಅವಳು ನಡೆದದ್ದನ್ನೆಲ್ಲ ಹೇಳಿದಳು. ಅವನು ಬೀನ್ಸ್ ತಟ್ಟೆ ಪಕ್ಕಕ್ಕಿಟ್ಟು ನಗಲು ಶುರು ಮಾಡಿದವನು ಹೊಟ್ಟೆ ಹಿಡಿದುಕೊಂಡು ಕಿಟಕಿಯ ಸರಳಿಗೆ ಒರಗಬೇಕಾಯಿತು. ನಕ್ಕು ಸುಸ್ತಾದ ಮೇಲೆ ಕಣ್ಣೊರೆಸಿಕೊಂಡು, "ಯಾವ ಭಾನುವಾರ ಅಂತ ನಿಜವಾಗ್ಲೂ ನೆನಪಿಲ್ವೇನೆ?" ಎಂದ.

"ನೆನಪಿದ್ದಿದ್ರೆ ಹೀಗೆ ಕೂತಿರ್ತಿದ್ನೇನ್ರೀ?"

"ನಾವು ಮದುವೆಯಾಗಿ ಒಂಬತ್ತನೇ ದಿನ. ಶನಿವಾರ ಮದುವೆ, ಮಾರನೇ ವಾರದ ಭಾನುವಾರ. ಸೋಮವಾರ ನನ್ನ ರಜ ಮುಗೀತಿತ್ತು. ಕೊನೇ ದಿನ ಸಮುದ್ರ ನೋಡೋಣ ಅಂತ ಹೋಗಿದ್ವಿ. ನಾನು ಸಮುದ್ರ ನೋಡ್ತಾ ಏನೇನೋ ಮಾತಾಡ್ತಿದ್ದೆ. ಸುಮಾರು ಒಂದು ಗಂಟೆ ಮಾತಾಡಿ ತಿರುಗಿ ನೋಡಿದ್ರೆ ನೀನಿಲ್ಲ. ಕೆಳಗೆ ಬಂಡೆ ಸಂದಿಯಲ್ಲಿ ಮೊಣಕಾಲೂರಿ ಕೂತಿದ್ದೆ. ನಾನು ಯಾರಿಗೆ ಮಾತಾಡಿದ್ನೋ ದೇವರಿಗೇ ಗೊತ್ತು."

"ಅಂಥ ಮಾತೇನು ಆಡಿದ್ರಿ?"

"ಆಗ ಕೇಳಿಸ್ಕೊಂಡಿಲ್ಲ ತಾನೇ? ಈಗ ಹೇಳಲ್ಲ."

ಅಲ್ಲಿಂದ ಬಸ್ಸಿನಲ್ಲಿ ಅವನು ಒಂದು ಮಾತೂ ಆಡದೆ ಬಂದದ್ದು, ಮನೆಗೆ ಬಂದ ಮೇಲೆ ಅವಳು ಗಿಡವನ್ನು ಅವನ ದಿನಪತ್ರಿಕೆಯಲ್ಲೇ ಸುತ್ತಿಟ್ಟದ್ದು, ಮಾರನೇ ದಿನ ಕಚೇರಿಯಲ್ಲಿ ಹೊಸ ಮದುಮಗಳೆಂದು ಎಲ್ಲರೂ ರೇಗಿಸುತ್ತಿದ್ದಾಗ ತಲೆ ಎತ್ತದೆ ಗಡಿಬಿಡಿಯಲ್ಲಿ ಲೇಬಲ್ ಗೀಚಿ, ಗಿಡ ಒಣಗಿದ ಮೇಲೆ ಮಾಮೂಲಿ ಕಡಲ ಲ್ಯಾವೆಂಡರ್ ಎಂದು ಕಪಾಟಿಗೆ ಸೇರಿಸಿದ್ದು, ಎಲ್ಲ ಈಗ ಒಂದೊಂದಾಗಿ ಅವಳಿಗೆ ನೆನಪಾದವು. ಜಾಗ ಮಾತ್ರ ನೆನಪಾಗಲಿಲ್ಲ.

"ಜಾಗ ನಂಗೊತ್ತು," ಎಂದ ಅಂಚೆಯವನು. "ಒಂದ್ಸಲ ಹೋದ ವಿಳಾಸ ನಾನು ಮರೆಯಲ್ಲ."

ಮುಂದಿನ ಭಾನುವಾರ ಮೂವರೂ ಬಸ್ಸು ಹತ್ತಿದರು. ಹುಡುಗಿ ಕಿಟಕಿಯ ಪಕ್ಕ ಕೂತು ಒಮ್ಮೆ ಅವನ ಮುಖ, ಒಮ್ಮೆ ಮೇಡಂ ಮುಖ ನೋಡುತ್ತಿದ್ದಳು. ಕೊನೆಯ ನಿಲ್ದಾಣದಲ್ಲಿ ಇಳಿದು ಅವನು ಕೈಬೀಸಿಕೊಂಡು ಮುಂದೆ ನಡೆದ. ಆಗ ಬರೀ ಮರಳಿದ್ದ ಕಡೆ ಈಗ ಗೋಡೆ, ಗೋಡೆಗೊಂದು ತುಕ್ಕು ಹಿಡಿದ ಗೇಟು. ಒಳಗೆ ದೋಣಿ ರಿಪೇರಿಯ ಅಂಗಳ. ಮಗುಚಿ ಹಾಕಿದ ದೋಣಿಗಳು, ಟಾರಿನ ವಾಸನೆ, ಎಲ್ಲೋ ಸುತ್ತಿಗೆಯ ಸದ್ದು. ಅಂಗಳದ ಆಚೆ ತುದಿಯಲ್ಲಿ ನೀರಿನ ಕಡೆ ಚಾಚಿಕೊಂಡಿದ್ದ ಬಂಡೆಯನ್ನು ತೋರಿಸಿ, "ಅಗೋ, ನನ್ನ ಭಾಷಣ ಕೇಳಿದ್ದು ಅದೊಂದೇ," ಎಂದ.

ಮೇಡಂ ಬಂಡೆಯ ಬುಡಕ್ಕೆ ಓಡಿದಳು. ಓಡಿದಳೆಂದರೆ ಐವತ್ತಾರರ ಮಂಡಿಗಳು ಬಿಟ್ಟಷ್ಟು. ಬಗ್ಗಿ ನೋಡಿದವಳು ಕೈ ಎತ್ತಿ ಹುಡುಗಿಯನ್ನು ಕರೆದಳು. ಬಿರುಕಿನುದ್ದಕ್ಕೂ ಚಮಚದಾಕಾರದ ಬೂದು ಹಸಿರು ಎಲೆಗಳು. ಎತ್ತಿ ನಿಂತ ಕಡ್ಡಿಗಳ ತುಂಬ ನೇರಳೆ ಚುಕ್ಕೆಗಳು. ಹುಡುಗಿ ಲೆನ್ಸ್ ಹಿಡಿದು ಎಣಿಸತೊಡಗಿದಳು. ಒಂದು. ಮುಂದಿನ ಗೊಂಚಲಲ್ಲೂ ಒಂದು. ಅದರ ಮುಂದಿನದರಲ್ಲೂ ಒಂದು.

"ಮೇಡಂ, ಇದೇ," ಎಂದಳು.

ಮೇಡಂ ಎಲೆಯೊಂದನ್ನು ಬೆರಳಿನಿಂದ ಸವರಿ ಬೆರಳನ್ನು ನಾಲಿಗೆಗೆ ಹಚ್ಚಿಕೊಂಡಳು. ಉಪ್ಪು. ಅವಳು ನಕ್ಕಿದ್ದನ್ನು ಹುಡುಗಿ ಮೊದಲ ಬಾರಿಗೆ ನೋಡಿದ್ದು ಆಗಲೇ.

ಗಿಡಗಳನ್ನು ಲೆಕ್ಕ ಹಾಕುವ ಕೆಲಸಕ್ಕೆ ಅಂಚೆಯವನು ತಾನೇ ನಿಂತ. ಬಂಡೆಯ ಬಿರುಕುಗಳಿಗೆ ಒಂದನೇ ಅಡ್ಡರಸ್ತೆ, ಎರಡನೇ ಅಡ್ಡರಸ್ತೆ ಎಂದು ಹೆಸರಿಟ್ಟು, ಒಂದೊಂದು ಗಿಡಕ್ಕೂ ಮನೆ ನಂಬರು ಕೊಡುತ್ತ ಹೋದ. "ಎರಡನೇ ಅಡ್ಡರಸ್ತೆ, ಹದಿನಾಲ್ಕು. ಮೂರು ಹೂಕಡ್ಡಿ. ತುಂಬಿದ ಸಂಸಾರ. ಹದಿನೈದು, ಹೂವಿಲ್ಲ, ಯಾರೋ ಪಾಪ ಒಂಟಿ. ಹದಿನಾರು, ಬಾಗಿಲು ಹಾಕಿದೆ, ಒಣಗಿಹೋಗಿದೆ." ಮೊದಲು ರೇಗಿದ ಮೇಡಂ ಎರಡನೇ ಸಲ ಎಣಿಸಿದಾಗಲೂ ಒಂದೂ ಹೆಚ್ಚುಕಮ್ಮಿಯಾಗದ್ದನ್ನು ಕಂಡು ಸುಮ್ಮನಾದಳು. ಜೀವಂತ ಗಿಡ ಅರವತ್ತಮೂರು. ಮೂರು ಗಂಟೆ ಹೊತ್ತು ಆಚೀಚೆಯ ಬಂಡೆಗಳನ್ನೆಲ್ಲ ಜಾಲಾಡಿದರೂ ಅರವತ್ತನಾಲ್ಕನೆಯದು ಸಿಗಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರು. ಅಂಗಳದ ಯಜಮಾನಿ, ಎತ್ತರದ, ಗಟ್ಟಿ ಮೈಕಟ್ಟಿನ ಹೆಂಗಸು. ಮೊಣಕೈವರೆಗೂ ಟಾರು.

"ಏನ್ ಕಳ್ಕೊಂಡಿದೀರಿ? ಉಂಗುರಾನಾ?"

ಮೇಡಂ ಎದ್ದು ನಿಂತು ಕಚೇರಿಯ ದನಿಯಲ್ಲಿ ಶುರು ಮಾಡಿದಳು. ಇದು ವಿಜ್ಞಾನಕ್ಕೆ ಗೊತ್ತಿಲ್ಲದ ಜಾತಿ ಇರಬಹುದು, ಇರುವುದು ಇದೊಂದೇ ಕಡೆ, ಯಾರೂ ಇದನ್ನು ಮುಟ್ಟಕೂಡದು, ಎಂದೆಲ್ಲ. ಯಜಮಾನಿ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದಳು.

"ಮುಟ್ಟಕೂಡದಾ? ವರ್ಷಕ್ಕೊಂದ್ಸಲ ಸಲಿಕೆ ಹಾಕಿ ಕೆರೆದು ಬಿಸಾಕ್ತೀನಿ ನಾನು ಇದನ್ನ. ಮುಂದಿನ ತಿಂಗಳು ಈ ಬಂಡೆ ಮೇಲೇ ಕಾಂಕ್ರೀಟು ಬೀಳುತ್ತೆ. ದೊಡ್ಡ ದೋಣಿ ಎಳೆಯೋಕೆ ಇಳಿಜಾರು ಬೇಕು. ಹೇಳ್ಬೇಕಾದ್ದು ಏನಾದ್ರೂ ಇದ್ರೆ ಬೇಗ ಹೇಳಿ, ಟಾರು ಆರುತ್ತೆ."

ಮೇಡಂ ಇನ್ನೂ ಗಟ್ಟಿಯಾಗಿ ಏನೋ ಹೇಳಲು ಬಾಯಿ ತೆರೆದಳು. ಗಂಡ ಅವಳ ಕೈ ಮೆಲ್ಲಗೆ ಒತ್ತಿ, "ಅಕ್ಕಾ, ಇವಳು ಮನೇಲೂ ಹೀಗೇ ಮಾತಾಡೋದು. ನಂಗೆ ಇಪ್ಪತ್ತೆಂಟು ವರ್ಷದಿಂದ ಅಭ್ಯಾಸ ಆಗಿದೆ. ನೀವು ತಪ್ಪು ತಿಳ್ಕೋಬೇಡಿ," ಎಂದ. ಯಜಮಾನಿಯ ತುಟಿಯ ತುದಿ ಕೊಂಚ ಸಡಿಲವಾಯಿತು. ಆ ಸಂದು ನೋಡಿಕೊಂಡು ಹುಡುಗಿ ಮುಂದೆ ಬಂದು ಲೆನ್ಸನ್ನು ಅವಳ ಕಣ್ಣಿಗೆ ಹಿಡಿದಳು. "ಇದನ್ನ ಒಂದ್ಸಲ ನೋಡಿ ಅಮ್ಮಾ. ಆಮೇಲೆ ನಿಮ್ಮಿಷ್ಟ."

ಯಜಮಾನಿ ಟಾರಿನ ಕೈಗಳನ್ನು ಹಿಂದಕ್ಕೆ ಕಟ್ಟಿ ಬಗ್ಗಿದಳು. ಬರಿಗಣ್ಣಿಗೆ ಚುಕ್ಕೆಯಾಗಿದ್ದುದು ಅಲ್ಲಿ ಐದು ಎಸಳಿನ ಹೂವಾಗಿತ್ತು. ಅದರ ಕೆಳಗೆ ಕಾಗದದಷ್ಟು ತೆಳುವಾದ ಬಿಳಿಯ ಬಟ್ಟಲು, ಬಟ್ಟಲಿಗೆ ನಿರಿಗೆ, ನಿರಿಗೆಯ ಒಂದು ಮಗ್ಗುಲಿಗೆ ಮಾತ್ರ ಬೆಳ್ಳಿಯ ನೂಲಿನಂಥ ರೋಮ. ಅವಳು ಬಹಳ ಹೊತ್ತು ಏಳಲಿಲ್ಲ.

"ನಿರಿಗೆ ಬೇರೆ ಹಿಡಿದಿದ್ಯಲ್ಲ!" ಎಂದಳು ಕೊನೆಗೆ. "ಇಪ್ಪತ್ತು ವರ್ಷ ಕೆರೆದು ಹಾಕಿದೀನಿ. ಹೇಳ್ಬಾರದಿತ್ತಾ?"

ಯಾರು ಹೇಳಬೇಕಿತ್ತು ಎಂಬುದು ಸ್ಪಷ್ಟವಾಗಲಿಲ್ಲ. ಗಿಡವನ್ನೇ ಬೈದಂತಿತ್ತು.

ಒಪ್ಪಂದ ಅಲ್ಲೇ ನಿಂತು ಆಯಿತು. ಇಳಿಜಾರನ್ನು ಅಂಗಳದ ಇನ್ನೊಂದು ಮೂಲೆಗೆ ತಿರುಗಿಸುವುದು. ಅದರಿಂದ ದೋಣಿ ಎಳೆಯುವವರು ಒಂದು ವರ್ಷ ಅವಳಿಗೆ ಹಿಡಿಶಾಪ ಹಾಕುತ್ತಾರೆ, ಹಾಕಲಿ. ಆದರೆ ಸಂಗ್ರಹಾಲಯದ ಮೊಹರಿರುವ ಒಂದು ಕಾಗದ ಬೇಕು, ಅವರಿಗೆ ತೋರಿಸಲು. ಮತ್ತೆ, ಗಿಡಕ್ಕೆ ತನ್ನ ಅಮ್ಮನ ಹೆಸರಿಡಬೇಕು.

ಕಾಗದ ಮರುದಿನವೇ ಹೋಯಿತು. ಹೆಸರಿನ ಮಾತು ಮಾತ್ರ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಹುಡುಗಿ ಮೇಡಂ ಹೆಸರನ್ನೇ ಇಡಬೇಕೆಂದು ಹಟ ಹಿಡಿದಳು. "ಅಂಥ ಲೇಬಲ್ ಬರೆದವಳ ಹೆಸರಾ? ಗಿಡಕ್ಕೆ ಮರ್ಯಾದೆ ಬೇಡ್ವಾ?" ಎಂದು ಮೇಡಂ ಗದರಿದಳು. ಸಂಗ್ರಹಾಲಯದ ನಿರ್ದೇಶಕರ ಹೆಸರಿಟ್ಟರೆ ಹೊಸ ಕಪಾಟುಗಳು ಬರಬಹುದು ಎಂದು ಅಂಟಣ್ಣ ಅಂದಾಜು ಮಾಡಿದ. ಎರಡು ವಾರ ಎಲ್ಲರ ಮಾತನ್ನೂ ಕೇಳಿಸಿಕೊಂಡು, ಮೇಡಂ ಕೊನೆಗೆ 'ಯಾರೂ ಗಮನಿಸದೆ ಬಿಟ್ಟದ್ದು' ಎಂಬ ಅರ್ಥದ ಒಂದು ಲ್ಯಾಟಿನ್ ಪದವನ್ನು ಆರಿಸಿದಳು.

ಗಂಡ ಅರ್ಥ ಕೇಳಿ ತಿಳಿದುಕೊಂಡು ಎದೆ ಉಬ್ಬಿಸಿದ. "ಆವತ್ತು ಬಂಡೆ ಮೇಲೆ ನೀನು ಗಮನಿಸದೆ ಬಿಟ್ಟಿದ್ದು ನನ್ನನ್ನ. ಗಿಡಾನ ಚೆನ್ನಾಗೇ ಗಮನಿಸಿದ್ದೆ. ಹಾಗಾಗಿ ಇದು ನನ್ನ ಹೆಸರೇ."

"ಗಿಡಾನೂ ಗಮನಿಸಲಿಲ್ಲ ಕಣ್ರೀ," ಎಂದಳು ಅವಳು ತಣ್ಣಗೆ. "ಗಮನಿಸಿದ್ರೆ ಆವತ್ತೇ ಗೊತ್ತಾಗ್ತಿತ್ತಲ್ಲ. ಇಬ್ಬರನ್ನೂ ಅರ್ಧಂಬರ್ಧ ನೋಡಿದ್ದಾಯ್ತು." ಅದು ತಮಾಷೆಗೆ ಆಡಿದ ಮಾತಲ್ಲ ಎಂದು ಅವನಿಗೆ ಗೊತ್ತಾಯಿತು. ಆ ಸಂಜೆ ಅವನು ಮತ್ತೆ ಕೀಟಲೆ ಮಾಡಲಿಲ್ಲ. ಎರಡು ಲೋಟ ಟೀ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತ.

ಯಜಮಾನಿಗೆ ಹೇಳಲು ಮೇಡಂ ತಾನೇ ಹೋದಳು, ಒಬ್ಬಳೇ. ಯಜಮಾನಿ ಅರ್ಥ ಕೇಳಿದಳು. "ಸರಿ ಬಿಡಿ, ನಮ್ಮಮ್ಮನಿಗೂ ಇದೇ ಹೆಸರು ಒಪ್ಪುತ್ತೆ," ಎಂದು ಸುತ್ತಿಗೆ ಎತ್ತಿಕೊಂಡಳು.

ಲೇಖನ ಬರೆಯಲು ಏಳು ತಿಂಗಳು ಹಿಡಿಯಿತು. ಎಲೆಯ ಉದ್ದ, ಅಗಲ, ಅಂಚಿನ ಅಲೆ, ಕಡ್ಡಿ ಕವಲೊಡೆಯುವ ಕೋನ, ಪುಷ್ಪಪಾತ್ರೆಯ ಹಲ್ಲುಗಳು, ಪರಾಗದ ಕಣಗಳು. ಒಂದೊಂದನ್ನೂ ಹುಡುಗಿ ಅಳೆದಳು, ಮೇಡಂ ಮತ್ತೆ ಅಳೆದಳು. ಎರಡು ಅಳತೆ ಕೂಡದಿದ್ದ ದಿನ ಇಬ್ಬರೂ ಮುಖ ಊದಿಸಿಕೊಂಡು ಮೂರನೇ ಸಲ ಅಳೆದರು. ಹೊಸ ಜಾತಿಯ ಹೆಸರು ಶಾಶ್ವತವಾಗಿ ಅಂಟಿಕೊಳ್ಳಲು ಒಂದು ಹಾಳೆಯನ್ನು ಆಧಾರ ಹಾಳೆಯೆಂದು ಗೊತ್ತುಪಡಿಸಬೇಕು. ಹೊಸದಾಗಿ ಕಿತ್ತ ಗಿಡವನ್ನೇ ಇಡೋಣವೆಂದು ಮೇಡಂ ಹೇಳಿದಳು. ಅವಳ ಆಸೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಈ ಒಂದು ಸಲ ಹುಡುಗಿ ಎದುರು ನಿಂತಳು.

"ಇರೋದೇ ಅರವತ್ತಮೂರು ಮೇಡಂ. ಕಿತ್ತು ಒಣಗಿಸಿದ ಒಳ್ಳೇ ಗಿಡ ಆಗಲೇ ಇರುವಾಗ ಇನ್ನೊಂದನ್ನ ಯಾಕೆ ಸಾಯಿಸಬೇಕು? ನಿಮ್ಮ ಲೇಬಲ್ ಮುಚ್ಚೋಕಾ?"

ಅಂಟಣ್ಣ ಮತ್ತೆ ಬ್ರಷ್ ಕೆಳಗಿಟ್ಟ. ಮೇಡಂ ಹುಡುಗಿಯನ್ನು ದುರುಗುಟ್ಟಿ ನೋಡಿದಳು. ಆಮೇಲೆ ಹಳೆಯ ಹಾಳೆಯನ್ನು ತಾನೇ ತಂದು ಅವಳ ಮುಂದಿಟ್ಟು, "ಬರ್ಕೋ," ಎಂದಳು.

ಹಾಗೆ ಬರೆದ ಲೇಖನ ಪತ್ರಿಕೆಗೆ ಹೋಗಿ, ಅಲ್ಲಿಂದ ಹೆಸರು ಹೇಳದ ಒಬ್ಬ ಪರಿಶೀಲಕರ ಕೈಸೇರಿತು. ಮೂರು ತಿಂಗಳ ಮೇಲೆ ಉತ್ತರ ಬಂತು. ವಿವರಣೆ ಅಚ್ಚುಕಟ್ಟಾಗಿದೆ, ಚಿತ್ರಗಳು ಚೆನ್ನಾಗಿವೆ, ಜಾತಿ ಹೊಸದೇ ಹೌದು. ಆದರೆ: 'ಆಧಾರ ಹಾಳೆಯ ಲೇಬಲ್ ತೀರಾ ಅಸಮರ್ಪಕವಾಗಿದೆ. ಈ ಸಂಗ್ರಹಾಲಯದಿಂದ ಇದನ್ನು ನಿರೀಕ್ಷಿಸಿರಲಿಲ್ಲ. ಲೇಖಕರು ಸ್ಥಳವನ್ನೂ ದಿನಾಂಕವನ್ನೂ ಖಚಿತವಾಗಿ ಕೊಟ್ಟಿದ್ದಾರೆ. ಇವು ಯಾವ ಮೂಲದಿಂದ ಬಂದವು ಎಂದು ದಯವಿಟ್ಟು ತಿಳಿಸಿ.'

ಮೇಡಂ ಓದಿ ಕಾಗದವನ್ನು ಮಡಿಸಿಟ್ಟಳು. ಮತ್ತೆ ಬಿಚ್ಚಿ ಓದಿದಳು. ಆ ಬರಹದ ಧಾಟಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಎಷ್ಟೋ ವರ್ಷ ಹಿಂದೆ ಅವಳಿಂದ ಕಟ್ಟು ವಾಪಸ್ಸು ಪಡೆದವರಲ್ಲಿ ಒಬ್ಬರೇ ಇರಬೇಕು.

"ಏನಂತ ಬರೆಯೋಣ ಮೇಡಂ?" ಎಂದು ಹುಡುಗಿ ನಗು ಕಚ್ಚಿ ಹಿಡಿದು ಕೇಳಿದಳು.

"ಇದ್ದದ್ದು ಬರಿ. ನಾವೇನು ಸುಳ್ಳು ಹೇಳೋಕಾಗುತ್ತಾ?"

ಹಾಗಾಗಿ ಆ ಗಂಭೀರ ಪತ್ರಿಕೆಯ ಪುಟದ ಕೆಳಗೆ, ಸಣ್ಣ ಅಕ್ಷರದ ಅಡಿಟಿಪ್ಪಣಿಯಲ್ಲಿ ಹೀಗೆ ಅಚ್ಚಾಯಿತು: 'ಸ್ಥಳ ಹಾಗೂ ದಿನಾಂಕ: ಸಂಗ್ರಾಹಕಿಯ ಪತಿ, ನಿವೃತ್ತ ಅಂಚೆ ನೌಕರರು, ನೀಡಿದ ವೈಯಕ್ತಿಕ ಮಾಹಿತಿ.' ಅಂಚೆಯವನು ಆ ಪುಟದ ಹತ್ತು ಪ್ರತಿ ಮಾಡಿಸಿದ. ಬೀದಿಯ ಎಲ್ಲರಿಗೂ ಕೊಟ್ಟ. ಹಲ್ಲಿನ ಡಾಕ್ಟರಿಗೂ ಕೊಟ್ಟು ಬಂದ.

ಬಂಡೆಯ ಗಿಡಗಳ ಅದೇ ವರ್ಷದ ಬೀಜಗಳಲ್ಲಿ ಒಂದು ಹಿಡಿಯನ್ನು ಹುಡುಗಿ ಸಂಗ್ರಹಾಲಯದ ತಾರಸಿಯ ಮೇಲೆ ಬಿತ್ತಿದಳು. ಒಂದೇ ಬಂಡೆಯನ್ನು ನಂಬಿ ಇಡೀ ಜಾತಿಯನ್ನು ಬಿಡುವುದು ಅವಳಿಗೆ ಸರಿಯೆನ್ನಿಸಿರಲಿಲ್ಲ. ಇಪ್ಪತ್ತು ಕುಂಡ, ಮರಳು, ವಾರಕ್ಕೊಮ್ಮೆ ಉಪ್ಪು ನೀರು. ಒಂದು ತಿಂಗಳು ಕಳೆಯಿತು, ಏನೂ ಬರಲಿಲ್ಲ. ಎರಡು ತಿಂಗಳಿಗೆ ಪಾಚಿ ಬಂತು. ಅಂಟಣ್ಣ ಪಾಚಿಗೊಂದು ಹೆಸರಿಡೋಣ ಎಂದು ಸೂಚಿಸಿ ಬೈಸಿಕೊಂಡ.

ಹತ್ತನೇ ವಾರದ ಒಂದು ಮಧ್ಯಾಹ್ನ ಮೇಲಿನಿಂದ ಹುಡುಗಿಯ ಕೂಗು ಕೇಳಿಸಿತು. ಮೇಡಂ ಎಲ್ಲ ಬಿಟ್ಟು ಮೆಟ್ಟಿಲು ಹತ್ತಿದಳು. ಎರಡನೇ ಮಹಡಿಯಲ್ಲಿ ಒಮ್ಮೆ ನಿಂತು ಮಂಡಿ ಹಿಡಿದುಕೊಂಡು ಮತ್ತೆ ಹತ್ತಿದಳು. ತಾರಸಿಯ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹನ್ನೊಂದನೇ ಕುಂಡದ ಮೂಲೆಯಲ್ಲಿ ಎಳ್ಳು ಕಾಳಿನಷ್ಟು ಎರಡು ಎಲೆ. ಪಕ್ಕದ ಕುಂಡದಲ್ಲಿ ಇನ್ನೊಂದು ಮೊಳಕೆ ಮರಳನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದಿತ್ತು.

"ಬರೆದಿಟ್ಟೆ ಮೇಡಂ. ದಿನ, ಹೊತ್ತು, ಎಲ್ಲಾ," ಎಂದಳು ಹುಡುಗಿ ಏದುಸಿರಿನಲ್ಲಿ.

"ಬರೆಯೋದು ಇರಲಿ, ಸ್ವಲ್ಪ ನೆರಳು ಮಾಡು," ಎಂದು ಮೇಡಂ ಕುಂಡದ ಪಕ್ಕ ನೆಲದ ಮೇಲೇ ಕೂತಳು. ಹುಡುಗಿ ಬಂದು ಬಿಸಿಲಿಗೆ ಅಡ್ಡವಾಗಿ ನಿಂತಳು. ಇಬ್ಬರೂ ಆ ಎರಡು ಎಲೆಗಳನ್ನು ನೋಡುತ್ತಿದ್ದರು. ಕೆಳಗೆ ಯಾರೋ ಮೇಡಂಗೆ ಫೋನ್ ಬಂದಿದೆಯೆಂದು ಕರೆದರು. ಅವಳು ಆಮೇಲೆ ಮಾಡಲು ಹೇಳಿ ಎಂದಳು.